ಯಾರೆಂದು ಕೇಳುವ ಮೊದಲೇ ದುಡಿಯುವ ಸರ್ವರ್

ಆನ್‌ಲೈನ್ ತಾಳಮದ್ದಳೆಯಲ್ಲಿ ಚಿತ್ರ ನಿಂತುಬಿಟ್ಟರೆ ಕುಂಬಳೆಯಿಂದ ಮುಳ್ಳೇರಿಯಾದವರೆಗೆ ಕೇಳಿಸುವುದು ಒಂದೇ ಮಾತು: "ನೆಟ್ ಹೋಯ್ತು ಮಾರಾಯ್ರೆ." ಹೆಚ್ಚಿನ ಸಲ ಅದು ಸತ್ಯವೇ. ಮಳೆಗಾಲದಲ್ಲಿ ಕರೆಂಟ್ ಹೋಗಿ ಸ್ವಲ್ಪ ಹೊತ್ತಾದರೆ ಟವರಿನ ಬ್ಯಾಟರಿಯೂ ಕೈಕೊಡುತ್ತದೆ. ಗುಡ್ಡದ ಹಿಂದಿನ ಮನೆಗಳಲ್ಲಿ ಸಿಗ್ನಲ್ ಸಿಗುವುದೇ ಜಗಲಿಯ ಒಂದು ಮೂಲೆಯಲ್ಲಿ. ಆದರೆ ಹಿಮ್ಮೇಳ ಬದಿಯಡ್ಕದಲ್ಲಿ, ಒಬ್ಬ ಅರ್ಥಧಾರಿ ಮಂಗಳೂರಿನಲ್ಲಿ, ಇನ್ನೊಬ್ಬರು ಬೆಂಗಳೂರಿನಲ್ಲಿ, ಕೇಳುಗರು ಮಸ್ಕತ್‌ನಲ್ಲಿ ಇರುವಾಗ ಅಷ್ಟೂ ಜನರಿಗೆ ಒಂದೇ ಸೆಕೆಂಡಿನಲ್ಲಿ ಎಲ್ಲವೂ ನಿಂತರೆ ಬದಿಯಡ್ಕದ ಟವರನ್ನು ಬೈದು ಪ್ರಯೋಜನವಿಲ್ಲ. (ಹಿಮ್ಮೇಳದವರು ಮಾತ್ರ ಒಂದೇ ಕಡೆ ಕೂರಲೇಬೇಕು. ನೆಟ್‌ನ ವಿಳಂಬದಲ್ಲಿ ಚೆಂಡೆ ಒಂದು ಊರಲ್ಲಿ, ಜಾಗಟೆ ಇನ್ನೊಂದು ಊರಲ್ಲಿ ಇಟ್ಟು ತಾಳ ಕೂಡಿಸಿದವರನ್ನು ನಾನಂತೂ ನೋಡಿಲ್ಲ.) ಈ ಎಲ್ಲ ಊರುಗಳಿಗೂ ಸಾಮಾನ್ಯವಾಗಿ ಇರುವುದು ಒಂದೇ ವಸ್ತು, ನಡುವೆ ಎಲ್ಲೋ ಕೂತಿರುವ ಸರ್ವರ್. ನಿಂತಿರುವುದು ಅದು.

ಸರ್ವರ್ ತಾನಾಗಿಯೂ ನಿಲ್ಲಬಹುದು, ಯಾರಾದರೂ ನಿಲ್ಲಿಸಲೂಬಹುದು. ಬೇಕೆಂದೇ ನಿಲ್ಲಿಸುವುದಕ್ಕೆ ಸೇವಾ ನಿರಾಕರಣೆಯ ದಾಳಿ ಎಂದು ಹೆಸರು. ಕೆಲಸದವರ ಬಾಯಲ್ಲಿ ಅದು 'ಡಾಸ್', ಸಾವಿರಾರು ಯಂತ್ರಗಳಿಂದ ಒಟ್ಟಿಗೆ ಬಂದರೆ 'ಡಿಡಾಸ್'. ಪತ್ರಿಕೆಗಳಲ್ಲಿ ಓದುವುದು ಹೆಚ್ಚಾಗಿ ಎರಡನೆಯದರ ಸುದ್ದಿ. ಎಲ್ಲಿಂದಲೋ ಪ್ರವಾಹದಂತೆ ಟ್ರಾಫಿಕ್ ಬಂತು, ಸರ್ವರ್ ಮುಳುಗಿತು ಎಂಬ ಕಥೆ. ಅದಕ್ಕೆ ಉಪಾಯವೂ ಹೆಚ್ಚುಕಡಿಮೆ ಸಿದ್ಧವಿದೆ: ದೊಡ್ಡ ಪೈಪು, ಸೋಸುವ ಕಂಪನಿ, ದುಡ್ಡು. ಈ ಬರಹ ಇನ್ನೊಂದು ಬಗೆಯ ದಾಳಿಯ ಬಗ್ಗೆ. ಅಲ್ಲಿ ಪ್ರವಾಹ ಬೇಕಾಗಿಲ್ಲ. ಸರಿಯಾದ ಜಾಗಕ್ಕೆ ಕಳಿಸಿದ ಒಂದು ಕಿಲೋಬೈಟ್ ಸಾಕು, ಕೆಲವೊಮ್ಮೆ ಅಷ್ಟೂ ಬೇಡ. ಸರ್ವರಿನ ತಂತ್ರಾಂಶದೊಳಗೇ ಇರುವ ದೌರ್ಬಲ್ಯ ಉಳಿದ ಕೆಲಸ ಮಾಡಿಕೊಡುತ್ತದೆ. ಇಂಥ ದೌರ್ಬಲ್ಯ ವೀಡಿಯೊ ಸಭೆಯ ಸರ್ವರುಗಳಲ್ಲಿ ಬೇರೆ ಕಡೆಗಿಂತ ಹೆಚ್ಚು ಕಾಟ ಕೊಡುತ್ತದೆ ಎಂಬುದು ನನ್ನ ಅಭಿಪ್ರಾಯ, ಅದಕ್ಕೆ ಕಾರಣ ಅವುಗಳ ಕಸುಬಿನಲ್ಲೇ ಇದೆ.

ಯೂಟ್ಯೂಬ್ ಯಾಕೆ ಹೀಗೆ ಕುಸಿಯುವುದಿಲ್ಲ ಎಂದು ಕೇಳುವವರಿದ್ದಾರೆ. 2020ರ ಜೂನ್ 1ರಂದು ಕೇರಳದಲ್ಲಿ ಕೈಟ್ ವಿಕ್ಟರ್ಸ್ ಎಂಬ ಶೈಕ್ಷಣಿಕ ಚಾನೆಲ್ಲಿನ ಮೂಲಕ (ಯೂಟ್ಯೂಬಿನಲ್ಲೂ) 'ಫಸ್ಟ್ ಬೆಲ್' ತರಗತಿಗಳು ಶುರುವಾದವು, ನಮ್ಮ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೂ ಕನ್ನಡದಲ್ಲಿ ಪಾಠಗಳು ಬಂದವು. ಅದು ಒಂದೇ ದಿಕ್ಕಿನ ಹರಿವು. ಒಮ್ಮೆ ಚಿತ್ರೀಕರಿಸಿದ ಪಾಠದ ಪ್ರತಿಗಳನ್ನು ನೂರಾರು ಯಂತ್ರಗಳಲ್ಲಿ ಇಟ್ಟರೆ ಆಯಿತು, ಮಂಜೇಶ್ವರದ ಮಗು ಕೇಳಿದರೂ ತಿರುವನಂತಪುರದ ಮಗು ಕೇಳಿದರೂ ಸಿಗುವುದು ಅದೇ ಪ್ರತಿ. ಆದರೆ ಟೀಚರು ಪ್ರಶ್ನೆ ಕೇಳಿ ಮಗು ಆ ಕ್ಷಣದಲ್ಲೇ ಉತ್ತರ ಹೇಳಬೇಕೆಂದರೆ ಸಂಗ್ರಹಿಸಿಡುವುದಕ್ಕೆ ಏನೂ ಇಲ್ಲ. ಪ್ರತಿ ಮಾತೂ ಆಗಲೇ ಹುಟ್ಟಿ, ಆಗಲೇ ಸರ್ವರಿಗೆ ಬಂದು, ಆಗಲೇ ಎಲ್ಲರಿಗೂ ಹಂಚಿಹೋಗಬೇಕು.

ಹಂಚುವ ಲೆಕ್ಕವನ್ನು ಒಮ್ಮೆ ಹಾಕಿ ನೋಡಿ. ಇಂದಿನ ಹೆಚ್ಚಿನ ಸರ್ವರುಗಳು ಬಂದ ವೀಡಿಯೊವನ್ನು ಬಿಚ್ಚದೆ ಹಾಗೆಯೇ ಬೇರೆಯವರಿಗೆ ದಾಟಿಸುತ್ತವೆ, ಈ ಜಾತಿಗೆ ಎಸ್‌ಎಫ್‌ಯು ಎನ್ನುತ್ತಾರೆ. ಜಿತ್ಸಿ ಎಂಬ ಉಚಿತ ಸಭಾ ತಂತ್ರಾಂಶದ ವೀಡಿಯೊಬ್ರಿಜ್ ಇಂಥದ್ದು. ಮೂವತ್ತು ಜನ ಕ್ಯಾಮೆರಾ ಹಾಕಿ ಕೂತರೆ ಒಬ್ಬೊಬ್ಬರಿಗೂ ಉಳಿದ 29 ಜನರ ಚಿತ್ರ ಹೋಗಬೇಕು. 30 ಗುಣಿಸು 29, ಅಂದರೆ 870 ಹೊಳೆಗಳು ಹೊರಗೆ ಹರಿಯಬೇಕು. ಒಂದೊಂದಕ್ಕೆ ಸೆಕೆಂಡಿಗೆ 500 ಕಿಲೋಬಿಟ್ ಎಂದು ಹಿಡಿದರೂ 435 ಮೆಗಾಬಿಟ್ ಆಯಿತು. ಮೂವತ್ತೊಂದನೆಯವರು ಬಂದು ಕೂತ ಕೂಡಲೇ ಅದು 930. ಒಬ್ಬರು ಬಂದದ್ದಕ್ಕೆ 60 ಹೊಳೆ ಹೆಚ್ಚಾಯಿತು. ಸಭೆಯ ಗಾತ್ರ ಎರಡು ಪಟ್ಟಾದರೆ ಕೆಲಸ ನಾಲ್ಕು ಪಟ್ಟಾಗುತ್ತದೆ: ಅರವತ್ತು ಜನಕ್ಕೆ 3,540. ಹಳೆಯ ಜಾತಿಯ ಸರ್ವರುಗಳಾದ ಎಂಸಿಯುಗಳಲ್ಲಿ ಕಷ್ಟ ಬೇರೆ ಥರ. ಅವು ಪ್ರತಿಯೊಬ್ಬರ ಚಿತ್ರವನ್ನೂ ಬಿಚ್ಚಿ, ಒಂದೇ ಚೌಕಟ್ಟಿನಲ್ಲಿ ಜೋಡಿಸಿ, ಮತ್ತೆ ಕಟ್ಟಿ ಕಳಿಸುತ್ತವೆ. ಅಲ್ಲಿ ಪೈಪಿನ ಬದಲು ಪ್ರೊಸೆಸರ್ ಬೆವರುತ್ತದೆ. ಇದೆಲ್ಲ ಮರ್ಯಾದಸ್ಥರ ಸಭೆಯ ಲೆಕ್ಕ, ದಾಳಿ ಇನ್ನೂ ಶುರುವಾಗಿಲ್ಲ.

ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಅಂಗಳಕ್ಕೆ ಯಾರು ಬಂದರೂ ಮೊದಲು ಆಸರಿಗೆ ಬೆಲ್ಲ, ನೀರು ಇಡುತ್ತಾರೆ. ಯಾವ ಊರು, ಯಾರ ಮಗ, ಏನು ವಿಷಯ ಎಂಬುದೆಲ್ಲ ಆಮೇಲೆ. ವೀಡಿಯೊ ಸಭೆಯ ಸರ್ವರಿನ ಸ್ವಭಾವವೂ ಅದೇ. ಹೊರಗಿನಿಂದ ಒಂದು ಪ್ಯಾಕೆಟ್ (ಮಾಹಿತಿಯ ಸಣ್ಣ ಕಟ್ಟು) ಬಂದರೆ ಅದು ಯಾರದ್ದು ಎಂದು ಗೊತ್ತಾಗುವ ಮೊದಲೇ ಅದನ್ನು ಓದಬೇಕು, ಅರ್ಥ ಮಾಡಿಕೊಳ್ಳಬೇಕು, ಸ್ವಲ್ಪ ಮೆಮೊರಿ ತೆಗೆದಿಡಬೇಕು, ಉತ್ತರ ಬರೆಯಬೇಕು. ಒಬ್ಬ ಅತಿಥಿಗೆ ಇದು ಏನೂ ಅಲ್ಲ. ಲಕ್ಷ ಜನ ಬಂದು ಬೆಲ್ಲ ತಿಂದು ಹೆಸರೂ ಹೇಳದೆ ಹೋದರೆ? ಅದಕ್ಕಿಂತ ಕೆಟ್ಟದ್ದು, ಒಬ್ಬನೇ ಬಂದು ಮನೆಯವರು ದಿನವಿಡೀ ಬೇರೆ ಯಾರಿಗೂ ಸಿಗದ ಹಾಗೆ ಹಿಡಿದುಕೊಂಡರೆ? ಮುಂದೆ ಹೇಳುವ ದೌರ್ಬಲ್ಯಗಳಲ್ಲಿ ಹೆಚ್ಚಿನವು ಈ ಎರಡರಲ್ಲಿ ಒಂದಕ್ಕೆ ಸೇರುತ್ತವೆ.

ಕರೆ ಹೂಡುವ ಭಾಗದಿಂದ ಶುರು ಮಾಡೋಣ. ಫೋನಿನ ಲೋಕದಿಂದ ಬಂದ ಸಿಪ್ ಎಂಬ ಭಾಷೆ ಇಂದಿಗೂ ಎಷ್ಟೋ ಸಭಾ ಸರ್ವರುಗಳ ಒಳಗಿದೆ, ಅದರ ಮುಖ್ಯ ನಿಯಮಾವಳಿ ಬಂದದ್ದು 2002ರಲ್ಲಿ. 'ಇನ್ವೈಟ್' ಎಂಬ ಸಂದೇಶ ಬಂದರೆ ಸರ್ವರ್ ಆ ಕರೆಯ ಕಡತವೊಂದನ್ನು ಮೆಮೊರಿಯಲ್ಲಿ ತೆರೆಯುತ್ತದೆ. "ಗುರುತು ಹೇಳು" ಎಂದು ತಿರುಗಿ ಕೇಳುತ್ತದೆ. ಆಚೆಯಿಂದ ಉತ್ತರ ಬಾರದಿದ್ದರೆ ಮರೆತುಬಿಡಬೇಕಲ್ಲ? ಕೂಡಲೇ ಮರೆಯುವ ಹಾಗಿಲ್ಲ. ದಾರಿಯಲ್ಲಿ ಪ್ಯಾಕೆಟ್ ಕಳೆದುಹೋಗಿರಬಹುದು ಎಂಬ ಸೌಜನ್ಯಕ್ಕೆ ನಿಯಮದ ಪ್ರಕಾರ ಸಾಮಾನ್ಯವಾಗಿ 32 ಸೆಕೆಂಡು ಕಾಯಬೇಕು. ದಾಳಿಕೋರ ಸೆಕೆಂಡಿಗೆ ಹತ್ತು ಸಾವಿರ ಸುಳ್ಳು ಇನ್ವೈಟ್ ಕಳಿಸಿದ ಎನ್ನಿ, ಇದು ಸಾಧಾರಣ ಲ್ಯಾಪ್‌ಟಾಪಿಗೂ ದೊಡ್ಡ ಕೆಲಸವಲ್ಲ. 32 ಸೆಕೆಂಡಿನಲ್ಲಿ 3,20,000 ಕಡತಗಳು ತೆರೆದು ಕೂತಿರುತ್ತವೆ. ಕಡತವೊಂದಕ್ಕೆ 4 ಕಿಲೋಬೈಟ್ ಹಿಡಿದರೂ ಒಂದು ಗಿಗಾಬೈಟಿಗಿಂತ ಹೆಚ್ಚು ಮೆಮೊರಿ ಹೋಯಿತು. ಅದರ ಮೇಲೆ ತಂತ್ರಾಂಶವೇ ಜೋಪಾನ ತಪ್ಪಿದ್ದರೆ ಕಥೆ ಮುಗಿಯಿತು. ಕರೆಗಳನ್ನು ಕೂಡಿಸುವ ಫ್ರೀಸ್ವಿಚ್ ಎಂಬ ತಂತ್ರಾಂಶದಲ್ಲಿ 2021ರಲ್ಲಿ ಹೊರಬಿದ್ದ ಸಿವಿಇ-2021-41145 ಇಂಥದ್ದೇ (ಸಿವಿಇ ಎಂದರೆ ಬಹಿರಂಗವಾದ ದೋಷಗಳ ಜಾಗತಿಕ ಪಟ್ಟಿಯ ಸಂಖ್ಯೆ). ಗುರುತು ಪರಿಚಯ ಇಲ್ಲದವನೂ ಸಿಪ್ ಸಂದೇಶಗಳನ್ನು ಸುರಿದು ಮೆಮೊರಿ ಮುಗಿಸಿ ಸರ್ವರನ್ನು ಬೀಳಿಸಬಹುದಿತ್ತು. 1.10.7ನೇ ಆವೃತ್ತಿಯಲ್ಲಿ ಸರಿಪಡಿಸಿದರು. ಬಿಗ್‌ಬ್ಲೂಬಟನ್ ಎಂಬ ಪಾಠದ ಸರ್ವರನ್ನು ಬಳಸಿದವರು ಫ್ರೀಸ್ವಿಚ್ ಹೆಸರು ಕೇಳದೆ ಇದ್ದಿರಬಹುದು, ಆದರೆ ಅದರ ಧ್ವನಿಯ ಹೊಣೆ ಹೊತ್ತದ್ದು ಅದೇ. ನಾವು ಒಂದು ತಂತ್ರಾಂಶ ಹಾಕಿದ್ದೇವೆ ಎಂದುಕೊಳ್ಳುತ್ತೇವೆ, ನಿಜವಾಗಿ ಹತ್ತು ಹಾಕಿರುತ್ತೇವೆ.

ಇದಕ್ಕೂ ಮೊದಲಿನ ಒಂದು ಪ್ರಸಂಗ ಹೇಳಬೇಕು. ಫಿನ್ಲೆಂಡಿನ ಔಲು ವಿಶ್ವವಿದ್ಯಾಲಯದ ಸಂಶೋಧಕರು 'ಪ್ರೋಟೋಸ್' ಎಂಬ ಯೋಜನೆಯಲ್ಲಿ ಒಂದು ಸರಳವಾದ, ಸ್ವಲ್ಪ ತುಂಟತನದ ಕೆಲಸ ಮಾಡಿದರು. ಬೇಕೆಂದೇ ಅಂದಗೆಟ್ಟ ಸಂದೇಶಗಳನ್ನು ರಾಶಿ ರಾಶಿ ತಯಾರಿಸಿದರು. ಉದ್ದ ಇಷ್ಟು ಎಂದು ಹೇಳಿ ಅದಕ್ಕಿಂತ ಕಡಿಮೆ ಕಳಿಸುವುದು, ಅಂಕೆ ಇರಬೇಕಾದಲ್ಲಿ ಅಕ್ಷರ ತುಂಬುವುದು, ಹೆಸರಿನ ಜಾಗದಲ್ಲಿ ಸಾವಿರ ಅಕ್ಷರ ತುರುಕುವುದು ಇತ್ಯಾದಿ. ಅವನ್ನು ಒಂದೊಂದಾಗಿ ಉಪಕರಣಗಳಿಗೆ ಉಣಿಸಿ ಯಾವುದು ಬೀಳುತ್ತದೆ ಎಂದು ನೋಡಿದರು. 2003ರ ಫೆಬ್ರವರಿಯಲ್ಲಿ ಸಿಪ್ ಉಪಕರಣಗಳ ಬಗ್ಗೆ, 2004ರ ಜನವರಿಯಲ್ಲಿ ಎಚ್.323 ಎಂಬ ವೀಡಿಯೊ ಸಭೆಯ ಹಳೆಯ ಮಾನಕದ ಬಗ್ಗೆ ಜಗತ್ತಿಗೆಲ್ಲ ಎಚ್ಚರಿಕೆ ಹೋಯಿತು. ಒಂದಲ್ಲ, ಹಲವು ಕಂಪನಿಗಳ ಉತ್ಪನ್ನಗಳು ಒಟ್ಟಿಗೆ ಸಿಕ್ಕಿಬಿದ್ದವು. ಮೈಕ್ರೋಸಾಫ್ಟ್ ಆ ವರ್ಷ ಹೊರಡಿಸಿದ ಮೊದಲ ಭದ್ರತಾ ಪ್ರಕಟಣೆಯೇ ತನ್ನ ಫೈರ್‌ವಾಲ್ ಉತ್ಪನ್ನದಲ್ಲಿದ್ದ ಎಚ್.323 ದೋಷದ ಕುರಿತು. ಕಾಯಬೇಕಾದ ಫೈರ್‌ವಾಲೇ ಬಿದ್ದರೆ! ಎಲ್ಲದರ ಬುಡದಲ್ಲಿ ಇದ್ದದ್ದು ಒಂದೇ ನಂಬಿಕೆ: ಆಚೆ ಇರುವವನು ನಿಯಮ ಓದಿಕೊಂಡೇ ಮಾತಾಡುತ್ತಾನೆ ಎಂಬುದು.

ಆ ನಂಬಿಕೆ ಇಪ್ಪತ್ತು ವರ್ಷ ಕಳೆದರೂ ಪೂರ್ತಿ ಹೋಗಿಲ್ಲ. ಹತ್ತಿರದಿಂದ ನೋಡಲು ಒಂದನ್ನು ಆರಿಸಿಕೊಳ್ಳುತ್ತೇನೆ, ಯಾಕೆಂದರೆ ಇದಕ್ಕೆ ಪ್ರೋಗ್ರಾಮಿಂಗ್ ಬರಬೇಕಾಗಿಲ್ಲ, ಮಗ್ಗಿ ಬಂದರೆ ಸಾಕು. ಜಿತ್ಸಿ ಮೀಟ್‌ನಲ್ಲಿ ಸಭೆಗೆ ಸೇರುವ, ಬಿಡುವ, ಕೈ ಎತ್ತುವ ಸಂದೇಶಗಳನ್ನೆಲ್ಲ ಸಾಗಿಸುವುದು ಪ್ರೊಸೋಡಿ ಎಂಬ ಒಳ ಸರ್ವರ್. ಅದರ ಭಾಷೆ ಎಕ್ಸ್‌ಎಂಎಲ್. ಆ ಭಾಷೆಯಲ್ಲಿ ಅಡ್ಡಹೆಸರು ಇಡುವ ಸೌಕರ್ಯವಿದೆ, ಒಂದು ಉದ್ದ ಮಾತಿಗೆ ಚಿಕ್ಕ ಹೆಸರು ಕೊಟ್ಟು ಮುಂದೆ ಆ ಹೆಸರನ್ನಷ್ಟೇ ಬರೆಯಬಹುದು. ಈಗ ದಾಳಿಕೋರ ಹೀಗೆ ಬರೆಯುತ್ತಾನೆ: 'ಅ' ಎಂದರೆ 'ಕ'. 'ಆ' ಎಂದರೆ ಹತ್ತು 'ಅ'. 'ಇ' ಎಂದರೆ ಹತ್ತು 'ಆ'. 'ಈ' ಎಂದರೆ ಹತ್ತು 'ಇ'. ಹೀಗೆ ಉ, ಊ, ಋ, ಎ, ಏ ದಾಟಿ 'ಐ'ವರೆಗೆ ಹತ್ತೇ ಸಾಲು. ಕೊನೆಗೆ ಒಂದೇ ಅಕ್ಷರದ ಸಂದೇಶ: ಐ. ಕಳಿಸಿದ್ದು ಒಂದು ಕಿಲೋಬೈಟಿನ ಆಸುಪಾಸು. ಸರ್ವರ್ ಅದನ್ನು ಬಿಡಿಸುತ್ತಾ ಹೋದರೆ 'ಐ'ನೊಳಗೆ ನೂರು ಕೋಟಿ 'ಕ'ಗಳಿವೆ. ಯೂನಿಕೋಡಿನ ರೂಢಿಯ ಬರವಣಿಗೆಯಲ್ಲಿ ಕನ್ನಡದ ಒಂದು 'ಕ' 3 ಬೈಟ್ ಹಿಡಿಯುತ್ತದೆ, ಹಾಗಾಗಿ ಸುಮಾರು 3 ಗಿಗಾಬೈಟ್ ಮೆಮೊರಿ. ಸಣ್ಣ ಬಾಡಿಗೆ ಸರ್ವರುಗಳಲ್ಲಿ ಇರುವುದೇ ಎರಡೋ ನಾಲ್ಕೋ ಗಿಗಾಬೈಟ್. ಮೆಮೊರಿ ಮುಗಿದಾಗ ಲಿನಕ್ಸ್ ಯಾರನ್ನಾದರೂ ಕೊಂದು ಜಾಗ ಮಾಡಿಕೊಳ್ಳುತ್ತದೆ, ಅದು ಆರಿಸುವುದು ಸಾಮಾನ್ಯವಾಗಿ ಅತಿ ಹೆಚ್ಚು ತಿಂದವನನ್ನು. ಪ್ರೊಸೋಡಿ ಹೋಗುತ್ತದೆ. ಅದರೊಂದಿಗೆ ಆ ಸರ್ವರಿನ ಮೇಲಿದ್ದ ಎಲ್ಲ ಸಭೆಗಳ ಸೂತ್ರ ತಪ್ಪುತ್ತದೆ.

ಈ ಚಮತ್ಕಾರ ಹಳೆಯದು, ಇದಕ್ಕೆ ಭದ್ರತೆಯವರ ನಡುವೆ 'ಬಿಲಿಯನ್ ಲಾಫ್ಸ್' ಎಂದು ಹೆಸರು. ಪ್ರೊಸೋಡಿ 2011ರಲ್ಲಿ ಒಮ್ಮೆ ಇದಕ್ಕೆ ಬಾಗಿಲು ಹಾಕಿತ್ತು. 2022ರ ಜನವರಿಯಲ್ಲಿ ನೋಡಿದರೆ ಬ್ರೌಸರ್ ಬಳಸುವ ವೆಬ್‌ಸಾಕೆಟ್ ಎಂಬ ದಾರಿಯ ಮೂಲಕ ಬರುವ ಸಂದೇಶಗಳನ್ನು ಓದುವ ಇನ್ನೊಂದು ಕಡೆ ಅದೇ ಬಾಗಿಲು ತೆರೆದಿತ್ತು. ಲಾಗಿನ್ ಕೂಡ ಬೇಡ. ಸಿವಿಇ-2022-0217 ಎಂಬ ಸಂಖ್ಯೆಯಲ್ಲಿ ಅದು ದಾಖಲಾಯಿತು, 0.11.12ನೇ ಆವೃತ್ತಿಯಲ್ಲಿ ಮುಚ್ಚಿತು. ಪ್ರೊಸೋಡಿಯವರನ್ನು ದೂರುವುದಕ್ಕಾಗಿ ಇದನ್ನು ಹೇಳಿದ್ದಲ್ಲ, ಅವರು ಕೂಡಲೇ ಸರಿಪಡಿಸಿ ಎಲ್ಲವನ್ನೂ ಬಿಡಿಸಿ ಬರೆದರು. ಒಂದೇ ಸಂದೇಶವನ್ನು ಎರಡು ದಾರಿಯಲ್ಲಿ ಒಳಗೆ ಬಿಟ್ಟರೆ ಎರಡೂ ಕಡೆ ಕಾವಲು ಬೇಕು, ಹೊಸ ಸೌಲಭ್ಯ ಸೇರಿಸುವ ಗಡಿಬಿಡಿಯಲ್ಲಿ ಎರಡನೆಯದು ಮರೆತುಹೋಗುತ್ತದೆ.

ಮೆಮೊರಿ ತಿನ್ನದೆ ಸಮಯ ತಿನ್ನುವ ದೌರ್ಬಲ್ಯಗಳೂ ಇವೆ. ಬ್ರೌಸರ್ ಸರ್ವರಿಗೆ ಹೋದಾಗ "ನಾನು ಕ್ರೋಮ್, ಇಂಥ ಆವೃತ್ತಿ, ಆಂಡ್ರಾಯ್ಡ್ ಮೇಲಿದ್ದೇನೆ" ಎಂಬ ಒಂದು ಸಾಲು ಹೇಳುತ್ತದೆ. ಅದು ಮೊಬೈಲೋ ಕಂಪ್ಯೂಟರೋ ಎಂದು ತಿಳಿಯಲು ಬಿಗ್‌ಬ್ಲೂಬಟನ್ ಆ ಸಾಲನ್ನು ಒಂದು ಮಾದರಿಗೆ ಹೋಲಿಸಿ ನೋಡುತ್ತಿತ್ತು. ರೆಗ್ಯುಲರ್ ಎಕ್ಸ್‌ಪ್ರೆಶನ್ ಎಂಬ ಈ ಹೋಲಿಕೆಯ ಮಾದರಿಗಳನ್ನು ಅಜಾಗರೂಕತೆಯಿಂದ ಬರೆದರೆ ಒಂದು ವಿಚಿತ್ರ ನಡೆಯುತ್ತದೆ. ಸಾಲು ಹೊಂದದಿದ್ದಾಗ ಯಂತ್ರ ಹಿಂದೆ ಬಂದು ಬೇರೆ ಥರ ತುಂಡು ಮಾಡಿ ನೋಡುತ್ತದೆ, ಮತ್ತೆ ಹಿಂದೆ ಬರುತ್ತದೆ. ಕೆಟ್ಟ ಮಾದರಿಯಲ್ಲಿ ಒಂದು ಅಕ್ಷರ ಹೆಚ್ಚಾದರೆ ಪ್ರಯತ್ನಗಳು ಎರಡು ಪಟ್ಟು. 30 ಅಕ್ಷರಕ್ಕೆ ನೂರು ಕೋಟಿ ದಾಟುತ್ತದೆ. ಆ ಸೇವೆ ಓಡುತ್ತಿದ್ದದ್ದು ನೋಡ್ ಜೆಎಸ್ ಎಂಬ ವೇದಿಕೆಯ ಮೇಲೆ, ಅಲ್ಲಿ ಒಂದು ಪ್ರೊಸೆಸ್ಸಿಗೆ (ಓಡುತ್ತಿರುವ ಒಂದು ಪ್ರೋಗ್ರಾಮಿಗೆ) ಕೆಲಸ ಮಾಡುವ ಕೈ ಒಂದೇ. ಅದು ಒಂದು ಸಾಲಿನಲ್ಲಿ ಸಿಕ್ಕಿಹಾಕಿಕೊಂಡರೆ ಅದನ್ನೇ ನಂಬಿದ ಉಳಿದವರೆಲ್ಲ ಕಾಯಬೇಕು. ಸಿವಿಇ-2022-29169 ಎಂದು ದಾಖಲಾದ ಈ ದೋಷ 2.3.19 ಮತ್ತು 2.4.7ನೇ ಆವೃತ್ತಿಗಳಲ್ಲಿ ಹೋಯಿತು. ನನಗೆ ಇದರಲ್ಲಿ ಬೇಸರ ತರಿಸುವುದು ಅದರ ಕ್ಷುಲ್ಲಕತೆ. ಗುಪ್ತಲಿಪಿ ಇಲ್ಲ, ವೀಡಿಯೊ ಇಲ್ಲ, ಬಂದವರು ಮೊಬೈಲಿನಲ್ಲಿದ್ದಾರಾ ಎಂದು ನೋಡಲು ಹೋಗಿ ತರಗತಿಯೇ ಬೀಳಬಹುದಿತ್ತು.

ಇನ್ನು ಮಾತು ಮತ್ತು ಚಿತ್ರ ಹರಿಯುವ ಭಾಗ. ಇಲ್ಲಿ ಯುಡಿಪಿ ಎಂಬ ವಿಧಾನ ಬಳಕೆಯಲ್ಲಿದೆ, ಪ್ಯಾಕೆಟ್ ಕಳೆದುಹೋದರೆ ಹೋಗಲಿ, ತಡವಾಗಿ ಬರುವುದಕ್ಕಿಂತ ಬಾರದಿರುವುದು ವಾಸಿ ಎಂಬ ನೀತಿ. ಆದರೆ ಯುಡಿಪಿಯಲ್ಲಿ ಕಳಿಸಿದವನ ವಿಳಾಸವನ್ನು ಸುಳ್ಳು ಬರೆಯುವುದು ಸುಲಭ. ವೆಬ್‌ಆರ್‌ಟಿಸಿ ಕರೆಯೊಂದು, ಅಂದರೆ ಬ್ರೌಸರಿನಲ್ಲೇ ನಡೆಯುವ ಕರೆ, ಹೀಗೆ ಕೂಡುತ್ತದೆ: ಮೊದಲು ನಿಮ್ಮ ಬ್ರೌಸರೂ ಸರ್ವರೂ ಗುಟ್ಟಿನ ಪದಗಳನ್ನು ವಿನಿಮಯ ಮಾಡಿಕೊಂಡು ಒಬ್ಬರನ್ನೊಬ್ಬರು ತಲುಪುವ ದಾರಿ ಯಾವುದು ಎಂದು ಖಚಿತಪಡಿಸಿಕೊಳ್ಳುತ್ತವೆ, ಆಮೇಲೆ ಅದೇ ದಾರಿಯಲ್ಲಿ ಡಿಟಿಎಲ್‌ಎಸ್ ಎಂಬ ಕೈಕುಲುಕಾಟದಿಂದ ಬೀಗದ ಕೀಲಿ ತಯಾರಾಗುತ್ತದೆ. ಎನೇಬಲ್ ಸೆಕ್ಯುರಿಟಿ ಎಂಬ ಸಂಸ್ಥೆಯವರು ಕಂಡುಹಿಡಿದದ್ದು ಈ ಎರಡು ಹೆಜ್ಜೆಗಳ ನಡುವಿನ ಸಂದು. ಮೊದಲ ಹೆಜ್ಜೆಯಲ್ಲಿ ದಾರಿ ಖಚಿತವಾದ ಮೇಲೂ ಕೆಲವು ಸರ್ವರುಗಳು ಎರಡನೇ ಹೆಜ್ಜೆಯ ಮೊದಲ ಸಂದೇಶವನ್ನು ಯಾವ ವಿಳಾಸದಿಂದ ಬಂದರೂ ಒಪ್ಪುತ್ತಿದ್ದವು. ಹೊರಗಿನವನೊಬ್ಬ ಸರ್ವರಿನ ಪೋರ್ಟ್‌ಗಳಿಗೆ (ಪ್ಯಾಕೆಟ್ ಒಳಬರುವ, ಸಂಖ್ಯೆ ಹಾಕಿದ ಬಾಗಿಲುಗಳಿಗೆ) ಒಪ್ಪಲಾಗದ ಗುಪ್ತಲಿಪಿ ಕೇಳುವ ಒಂದು ಸಂದೇಶವನ್ನು ನಿಮ್ಮ ಬ್ರೌಸರಿಗಿಂತ ಮೊದಲೇ ತಲುಪಿಸಿದರೆ ಸಾಕು. ಸರ್ವರ್ "ಇದು ಆಗುವುದಿಲ್ಲ" ಎಂದು ಕರೆಯನ್ನೇ ಕಡಿಯುತ್ತದೆ. ನೀವು ಮತ್ತೆ ಕರೆದರೆ ಮತ್ತೆ ಕಡಿಯುತ್ತದೆ. 2023ರ ಡಿಸೆಂಬರಿನಲ್ಲಿ ಆಸ್ಟೆರಿಸ್ಕ್ ಎಂಬ ಫೋನ್ ಸರ್ವರ್ ತಂತ್ರಾಂಶ ಮತ್ತು ಫ್ರೀಸ್ವಿಚ್ ಎರಡೂ ಇದಕ್ಕೆ ತಿದ್ದುಪಡಿ ಹೊರಡಿಸಿದವು. ಪರಿಹಾರ ಕೇಳಿದರೆ ಇಷ್ಟೇನಾ ಅನ್ನಿಸುತ್ತದೆ: ದಾರಿ ಖಚಿತವಾದ ವಿಳಾಸದಿಂದ ಬಂದದ್ದನ್ನು ಮಾತ್ರ ಓದು, ಉಳಿದದ್ದನ್ನು ಸುಮ್ಮನೆ ಬಿಸಾಡು.

ಸುಮ್ಮನೆ ಬಿಸಾಡುವುದು ಎಂಬ ಈ ಕಲೆ ಸರ್ವರುಗಳಿಗೆ ಬೇಗ ಬರುವುದಿಲ್ಲ. ಫ್ರೀಸ್ವಿಚ್‌ನ ಇನ್ನೊಂದು ಹಳೆಯ ದೋಷದಲ್ಲಿ, ಸಿವಿಇ-2021-41105ರಲ್ಲಿ, ಬೀಗ ಹಾಕಿದ ಕರೆಯ ನಡುವೆ ಹೊರಗಿನವನು ಕಸದ ಪ್ಯಾಕೆಟ್‌ಗಳನ್ನು ಸುರಿದರೆ ಸರ್ವರ್ "ಏನೋ ಮೋಸ ನಡೆಯುತ್ತಿದೆ" ಎಂದು ಕರೆಯನ್ನೇ ಮುಗಿಸುತ್ತಿತ್ತು. ಎಚ್ಚರಿಕೆಯೇ ದಾಳಿಕೋರನ ಆಯುಧವಾದ ಹಾಗೆ. ಗುಟ್ಟು ಕದಿಯಲು ಬಿಡಬಾರದು ಎಂದು ಯೋಚಿಸಿದವರು, ಮಾತು ನಿಲ್ಲಿಸುವುದೂ ಒಂದು ನಷ್ಟ ಎಂದು ಯೋಚಿಸಿರಲಿಲ್ಲ.

ಒಳಗೆ ಬಂದು ಕೂತವನೂ ಕಾಟ ಕೊಡಬಹುದು. ವೀಡಿಯೊದಲ್ಲಿ ಪ್ರತಿ ಚೌಕಟ್ಟೂ ಪೂರ್ತಿ ಚಿತ್ರವಲ್ಲ, ಹೆಚ್ಚಿನವು ಹಿಂದಿನದಕ್ಕಿಂತ ಏನು ಬದಲಾಯಿತು ಎಂಬುದಷ್ಟೇ. ಪೂರ್ತಿ ಚಿತ್ರಕ್ಕೆ ಕೀಫ್ರೇಮ್ ಎನ್ನುತ್ತಾರೆ, ಅದು ಉಳಿದವುಗಳಿಗಿಂತ ಹಲವು ಪಟ್ಟು ದೊಡ್ಡದು. ಹೊಸಬರು ಸೇರಿದಾಗ ಅಥವಾ ಚಿತ್ರ ಒಡೆದಾಗ ಸ್ವೀಕರಿಸುವವರು "ಪೂರ್ತಿ ಚಿತ್ರ ಕೊಡಿ" ಎಂದು ಕೇಳಬಹುದು. ಆ ಬೇಡಿಕೆಯ ಸಂದೇಶ ಮೂಲದಲ್ಲಿ ಕೇವಲ 12 ಬೈಟ್. ಒಬ್ಬ ಕಿಡಿಗೇಡಿ ಸೆಕೆಂಡಿಗೆ ನೂರು ಸಲ ಅದನ್ನೇ ಕೇಳುತ್ತಾ ಕೂತರೆ, ತಡೆ ಇಲ್ಲದ ಸರ್ವರಿನಲ್ಲಿ ಮಾತಾಡುವವರ ಮೊಬೈಲ್ ಬಿಸಿಯಾಗಿ ಪೂರ್ತಿ ಚಿತ್ರಗಳನ್ನೇ ತಯಾರಿಸುತ್ತಾ ಹೋಗುತ್ತದೆ, ಅವು ಎಲ್ಲರಿಗೂ ಹಂಚಿಹೋಗುತ್ತವೆ. ಬೆಂಗಳೂರಿನ ಫೈಬರ್‌ನಲ್ಲಿ ಕೂತವರಿಗೆ ಇದು ಗೊತ್ತೇ ಆಗದಿರಬಹುದು. ಮೊದಲು ಬಿದ್ದುಹೋಗುವುದು ಪೆರ್ಲದ ಆಚೆ ಒಂದು ಗೀಟು ಸಿಗ್ನಲ್ ಹಿಡಿದು ಕೇಳುತ್ತಿರುವ ಮನೆ. "ನಿಮ್ಮ ಕಡೆ ನೆಟ್ ಸರಿ ಇಲ್ಲ" ಎಂದು ಬೈಸಿಕೊಳ್ಳುವವರೂ ಅವರೇ.

ದೊಡ್ಡ ಕಂಪನಿಗಳಿಗೂ ಇದು ತಪ್ಪಿದ್ದಲ್ಲ. ಗೂಗಲ್‌ನ ದೋಷ ಹುಡುಕುವ ತಂಡ ಪ್ರಾಜೆಕ್ಟ್ ಝೀರೋದ ನಟಾಲಿ ಸಿಲ್ವನೊವಿಚ್ ಝೂಮ್‌ನ ಒಳಹೊಕ್ಕು ಹುಡುಕಿದಾಗ ಸಿಕ್ಕ ಬಫರ್ ಓವರ್‌ಫ್ಲೋ (ತೆಗೆದಿಟ್ಟ ಮೆಮೊರಿಯ ಜಾಗ ಮೀರಿ ಬರೆಯುವ) ದೋಷ, ಸಿವಿಇ-2021-34423, ಬಳಕೆದಾರರ ಆ್ಯಪ್‌ಗೂ ಝೂಮ್‌ನ ಸಭಾ ಸರ್ವರಿಗೂ ಎರಡಕ್ಕೂ ತಾಗಿತ್ತು. ಬೀಳಿಸುವುದಷ್ಟೇ ಅಲ್ಲ, ಒಳಗೆ ತನ್ನದೇ ಕೋಡ್ ಓಡಿಸುವ ಸಾಧ್ಯತೆಯೂ ಅದರಲ್ಲಿತ್ತು. 2021ರ ನವೆಂಬರಿನಲ್ಲಿ ಝೂಮ್ ಸರಿಪಡಿಸಿತು, ವಿವರ 2022ರ ಜನವರಿಯಲ್ಲಿ ಹೊರಬಂತು. ಇಂದು ಬರೇ ಕ್ರ್ಯಾಶ್ ಎಂದು ಕಾಣುವ ದೋಷವನ್ನು ನಾಳೆ ಇನ್ನಷ್ಟು ಕೆದಕಿದವರು ಕನ್ನಗಂಡಿ ಮಾಡಿಕೊಳ್ಳಬಹುದು.

ಹಾಗಿದ್ದರೂ 'ಬರೇ ಕ್ರ್ಯಾಶ್' ದೋಷಗಳನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಅದಕ್ಕೆ ಅಂಕ ಕೊಡುವ ಪದ್ಧತಿಯೂ ಸ್ವಲ್ಪ ಕಾರಣ. ಸಿವಿಎಸ್‌ಎಸ್ 3.1 ಎಂಬ ಅಳತೆಯಲ್ಲಿ ಹತ್ತಕ್ಕೆ ಅಂಕ. ಲಾಗಿನ್ ಇಲ್ಲದೆ, ಯಾರ ಸಹಾಯವೂ ಇಲ್ಲದೆ, ದೂರದಿಂದ ಸರ್ವರನ್ನು ಪೂರ್ತಿ ಬೀಳಿಸಬಹುದಾದ ದೋಷಕ್ಕೆ, ಮಾಹಿತಿ ಏನೂ ಸೋರದಿದ್ದರೆ, ಸಿಗುವುದು 7.5. ಲಾಗಿನ್ ಬೇಕೆಂದಾದರೆ 6.5. ಒಂಬತ್ತು ದಾಟಿದವುಗಳನ್ನು ಮಾತ್ರ ಕೂಡಲೇ ನೋಡುವ ಕಚೇರಿಗಳಲ್ಲಿ ಇವು ಮುಂದಿನ ತಿಂಗಳಿಗೆ ಹೋಗುತ್ತವೆ. ಫೈಲು ಇಡುವ ಸರ್ವರಿಗೆ ಈ ಧೋರಣೆ ನಡೆದೀತು. ವೀಡಿಯೊ ಸಭೆಯ ಸರ್ವರಿನಲ್ಲಿ ಕದಿಯಲು ಹೆಚ್ಚೇನೂ ಇಲ್ಲ, ಅದು ಇರುವುದೇ ಆ ಒಂದು ಗಂಟೆ ಎದ್ದು ನಿಂತಿರುವುದಕ್ಕಾಗಿ. 2020ರ ಮಾರ್ಚ್‌ನಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಮಂಗಳೂರಿನ ಡಾಕ್ಟರನ್ನು ನಂಬಿದ ಕಾಸರಗೋಡಿನ ರೋಗಿಗಳಿಗೆ ಉಳಿದದ್ದು ಫೋನೋ ವೀಡಿಯೊ ಕರೆಯೋ ಅಷ್ಟೇ. ಆ ಹೊತ್ತಿನಲ್ಲಿ ಕರೆ ಕೂಡದಿದ್ದರೆ ನಷ್ಟವನ್ನು 7.5 ಎಂದು ಬರೆಯುವುದು ಹೇಗೆ?

ಕರ್ನಾಟಕ ಹೈಕೋರ್ಟಿನ ಪ್ರಸಂಗ ಹಲವರಿಗೆ ನೆನಪಿರಬಹುದು. 2023ರ ಡಿಸೆಂಬರಿನಲ್ಲಿ ವಿಚಾರಣೆಯ ನಡುವೆ ಯಾರೋ ನುಗ್ಗಿ ಅಶ್ಲೀಲ ದೃಶ್ಯ ತೋರಿಸಿದರು, ನ್ಯಾಯಾಲಯ ವೀಡಿಯೊ ಕಾನ್ಫರೆನ್ಸನ್ನೇ ಕೆಲಕಾಲ ನಿಲ್ಲಿಸಿತು. ಅಲ್ಲಿ ಸರ್ವರ್ ಬಿದ್ದಿರಲಿಲ್ಲ, ತಂತ್ರಾಂಶದ ದೋಷದ ಮಾತೂ ಅಲ್ಲ. ಆದರೆ ಫಲ ಮಾತ್ರ ಅದೇ, ದೂರದ ಊರಿನ ವಕೀಲರಿಗೆ ಸೇವೆ ಸಿಗಲಿಲ್ಲ. ಕೇಂದ್ರ ಗೃಹ ಸಚಿವಾಲಯ 2020ರ ಏಪ್ರಿಲ್ 16ರಂದು ಝೂಮ್ ಬಳಕೆಯ ಬಗ್ಗೆ ಹೊರಡಿಸಿದ ಸಲಹೆಯಲ್ಲಿ ಪಾಸ್‌ವರ್ಡ್ ಇಟ್ಟು ಪ್ರವೇಶ ನಿಯಂತ್ರಿಸುವುದಕ್ಕೆ ಕೊಟ್ಟ ಕಾರಣಗಳಲ್ಲಿ ಸೇವಾ ನಿರಾಕರಣೆಯ ದಾಳಿ ತಪ್ಪಿಸುವುದೂ ಒಂದಾಗಿತ್ತು. ಪಾಸ್‌ವರ್ಡು ಗುಟ್ಟು ಕಾಯುವುದಕ್ಕೆ ಮಾತ್ರ ಎಂದುಕೊಂಡವರು ಇದನ್ನು ಗಮನಿಸಬೇಕು. ಒಳಗೆ ಬಂದ ಪ್ರತಿ ಅಪರಿಚಿತನೂ ಸರ್ವರಿಗೆ ಎಷ್ಟು ಹೊಳೆಗಳ ಖರ್ಚು ಎಂಬುದನ್ನು ಆಗಲೇ ಲೆಕ್ಕ ಹಾಕಿದ್ದೇವಲ್ಲ.

ಹಾಗಾದರೆ ಸಣ್ಣ ಸಂಘವೊಂದು, ಒಂದು ಶಾಲೆ, ಒಂದು ವಾಚನಾಲಯ ಸ್ವಂತ ಸರ್ವರ್ ಇಟ್ಟುಕೊಂಡಿದ್ದರೆ ಏನು ಮಾಡಬೇಕು? ಅತ್ಯಂತ ಅಗ್ಗದ ಕೆಲಸ, ಬೇಡದ ಬಾಗಿಲು ಮುಚ್ಚುವುದು. ಸಾದಾ ಫೋನಿನಿಂದ ಸಭೆಗೆ ಸೇರುವ ಸೌಲಭ್ಯ ಯಾರೂ ಬಳಸುತ್ತಿಲ್ಲ ಎಂದಾದರೆ ಸಿಪ್‌ನ 5060, ಎಚ್.323ರ 1720 ಪೋರ್ಟುಗಳು ಹೊರಗಿನ ಜಗತ್ತಿಗೆ ಯಾಕೆ ಕಾಣಬೇಕು? ಜಿತ್ಸಿಯಂಥದ್ದಕ್ಕೆ ವೆಬ್‌ನ 443 ಮತ್ತು ಮಾಧ್ಯಮದ 10000ನೇ ಯುಡಿಪಿ ಪೋರ್ಟು ಸಾಮಾನ್ಯವಾಗಿ ಸಾಕು, ನೇರ ದಾರಿ ಸಿಗದವರ ಟ್ರಾಫಿಕ್ ದಾಟಿಸುವ ಟರ್ನ್ ಸೇವೆ ಬೇರೆ ಇದ್ದರೆ 3478. ಟರ್ನ್‌ಗೆ ಶಾಶ್ವತ ಪಾಸ್‌ವರ್ಡ್ ಇಡಬೇಡಿ, ಕೆಲವು ಗಂಟೆಗಳಲ್ಲಿ ಸಾಯುವ ಗುರುತು ಕೊಡಿ, ಇಲ್ಲದಿದ್ದರೆ ನಿಮ್ಮ ಪೈಪು ಬೇರೆ ಯಾರದ್ದೋ ಟ್ರಾಫಿಕ್ ಹೊರುವುದಕ್ಕೆ ಬಳಕೆಯಾದೀತು. ಒಂದು ವಿಳಾಸದಿಂದ ಸೆಕೆಂಡಿಗೆ ಇಷ್ಟೇ ಹೊಸ ಸಂಪರ್ಕ ಎಂಬ ಮಿತಿ ಹಾಕಿ. ಆದರೆ ಜಿಪುಣತನ ಬೇಡ: ಮೊಬೈಲ್ ಕಂಪನಿಗಳು ನೂರಾರು ಗ್ರಾಹಕರನ್ನು ಒಂದೇ ಹೊರವಿಳಾಸದ ಹಿಂದೆ ಕೂರಿಸುತ್ತವೆ, ತೀರಾ ಬಿಗಿ ಮಾಡಿದರೆ ಇಡೀ ನೀರ್ಚಾಲಿನ ಕೇಳುಗರನ್ನು ನೀವೇ ಹೊರಗೆ ಹಾಕಿದ ಹಾಗಾಗುತ್ತದೆ. ಕೇಳುವುದಕ್ಕಷ್ಟೇ ಬರುವ ನೂರಾರು ಜನರನ್ನು ಸಭೆಯೊಳಗೆ ಕೂರಿಸುವ ಬದಲು ಮಾತಾಡುವ ಐದಾರು ಮಂದಿಯನ್ನು ಮಾತ್ರ ಒಳಗಿಟ್ಟು ಉಳಿದವರಿಗೆ ನೇರ ಪ್ರಸಾರದ ಕೊಂಡಿ ಕೊಡುವುದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯ ಉಪಾಯ. ತಾಳಮದ್ದಳೆಗೆ ಅದು ಹೊಂದುತ್ತದೆ, ತರಗತಿಗೆ ಅಷ್ಟಾಗಿ ಇಲ್ಲ.

ನೆಟ್ ಹೋಯಿತೋ ಸರ್ವರ್ ಹೋಯಿತೋ ಎಂದು ತಿಳಿಯಲು ದೊಡ್ಡ ಉಪಕರಣ ಬೇಡ. ಒಬ್ಬೊಬ್ಬರಾಗಿ ಕಳಚಿಕೊಂಡರೆ ಅವರವರ ಲೈನು. ಎಲ್ಲರೂ ಒಟ್ಟಿಗೆ ಹೋದರೆ ಸರ್ವರ್. ಮಾತು ಚಿತ್ರ ನಿಂತರೂ ಚಾಟ್ ನಡೆಯುತ್ತಿದ್ದರೆ ಮಾಧ್ಯಮದ ಭಾಗಕ್ಕೆ ಏಟು, ಇದ್ದವರು ಮಾತಾಡುತ್ತಿದ್ದರೂ ಹೊಸಬರಿಗೆ ಸೇರಲು ಆಗದಿದ್ದರೆ ಕರೆ ಹೂಡುವ ಭಾಗಕ್ಕೆ. ಸರ್ವರಿನ ಒಳಗೆ ನೋಡಬಲ್ಲವರು 'ಟಾಪ್' ಆದೇಶ ಕೊಟ್ಟು ನೋಡಲಿ. ಟ್ರಾಫಿಕ್ ಹೆಚ್ಚೇನೂ ಇಲ್ಲದೆ ಒಂದೇ ಪ್ರೊಸೆಸ್ ನೂರಕ್ಕೆ ನೂರು ಸಿಪಿಯು ಹಿಡಿದು ಕೂತಿದ್ದರೆ, ಅಥವಾ ಅದರ ಮೆಮೊರಿ ಕಣ್ಣೆದುರೇ ಏರುತ್ತಿದ್ದರೆ, ಅದು ಪ್ರವಾಹವಲ್ಲ, ಮೇಲೆ ಹೇಳಿದ ಜಾತಿಯ ದೌರ್ಬಲ್ಯ ಇರಬಹುದು. ರೀಸ್ಟಾರ್ಟ್ ಮಾಡುವ ಮೊದಲು ಲಾಗ್‌ಗಳ (ಸರ್ವರ್ ಬರೆದಿಡುವ ದಾಖಲೆಗಳ) ಪ್ರತಿ ಬೇರೆ ಕಡೆ ತೆಗೆದಿಡಿ. ಅವು ದೂರಿಗೂ ಬೇಕಾಗುತ್ತವೆ. ಅಧಿಕಾರವಿದ್ದವರಿಗೆ ಕಂಪ್ಯೂಟರ್ ಸೇವೆ ಸಿಗದ ಹಾಗೆ ಮಾಡುವುದು ಐಟಿ ಕಾಯ್ದೆ 2000ರ 43ನೇ ಸೆಕ್ಷನ್ ಪ್ರಕಾರ ತಪ್ಪು, ದುರುದ್ದೇಶದಿಂದ ಮಾಡಿದರೆ 66ನೇ ಸೆಕ್ಷನ್ ಪ್ರಕಾರ 3 ವರ್ಷದವರೆಗೆ ಜೈಲು ಅಥವಾ 5 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಕೇಂದ್ರ ಸರಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಇಂಥ ದಾಳಿಯನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಕಾದಿಡಬೇಕು.

ಇನ್ನು ಅಪ್‌ಡೇಟ್. ಎಲ್ಲರೂ ಹೇಳುವ ಈ ಉಪದೇಶದಲ್ಲಿ ಯಾರೂ ಹೇಳದ ಒಂದು ತೊಡಕಿದೆ. ಹೊಸ ಪ್ಯಾಕೇಜ್ ಹಾಕಿದಾಗ ಬದಲಾಗುವುದು ಡಿಸ್ಕಿನ ಮೇಲಿನ ಫೈಲು. ಮೊದಲೇ ಓಡುತ್ತಿರುವ ಪ್ರೊಸೆಸ್ ಹಳೆಯ ಕೋಡನ್ನೇ ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತದೆ. ಎಕ್ಸ್‌ಎಂಎಲ್ ಓದಲು ಪ್ರೊಸೋಡಿ ಬಳಸುವ ಎಕ್ಸ್‌ಪ್ಯಾಟ್‌ನಂಥ, ಹಲವು ತಂತ್ರಾಂಶಗಳು ಹಂಚಿಕೊಳ್ಳುವ ಕೋಡಿನ ಸಂಗ್ರಹವನ್ನು (ಲೈಬ್ರರಿ) ಬದಲಿಸಿದರೂ ಅಷ್ಟೇ. ಕೆಲವು ಪ್ಯಾಕೇಜುಗಳು ತಾವೇ ಸೇವೆಯನ್ನು ಮತ್ತೆ ಚಾಲೂ ಮಾಡುತ್ತವೆ, ಕೆಲವು ಮಾಡುವುದಿಲ್ಲ. ಆವೃತ್ತಿ ಹೊಸದೆಂದು ತೋರಿಸುತ್ತಿದ್ದರೂ ಬಾಗಿಲಲ್ಲಿ ಕೂತಿರುವುದು ಹಳಬನೇ ಆಗಿರಬಹುದು. ಹಾಗಾಗಿ ಸೇವೆ ಎಷ್ಟು ಹೊತ್ತಿಗೆ ಶುರುವಾದದ್ದು ಎಂದು 'ಸಿಸ್ಟಮ್‌ಸಿಟಿಎಲ್ ಸ್ಟೇಟಸ್' ಕೊಟ್ಟು ನೋಡಿ. ಅಪ್‌ಡೇಟ್ ಹಾಕಿದ ಸಮಯಕ್ಕಿಂತ ಹಿಂದಿನದಾಗಿದ್ದರೆ ರೀಸ್ಟಾರ್ಟ್ ಆಗಿಲ್ಲ. ರೀಸ್ಟಾರ್ಟ್ ಮಾಡಿದರೆ ನಡೆಯುತ್ತಿರುವ ಸಭೆಗಳು ಕಡಿಯುತ್ತವೆ, ಅದಕ್ಕೆ ಯಾರೂ ಸೇರದ ಹೊತ್ತು ಆರಿಸಬೇಕು. ಮಸ್ಕತ್‌ನಲ್ಲಿ ಕೇಳುಗರಿದ್ದರೆ ನಮ್ಮ ಮಧ್ಯರಾತ್ರಿ ಅವರಿಗೆ ರಾತ್ರಿ ಹತ್ತೂವರೆ, ಅದು ಆ ಹೊತ್ತಲ್ಲ. ಬೆಳಿಗ್ಗೆ ಐದರ ಸುಮಾರಿಗೆ ಮಾಡಿದರೆ ಎರಡೂ ಕಡೆಯವರು ಮಲಗಿರುತ್ತಾರೆ.